ಮೊದಲ ಪ್ರೋಟೋಟೈಪ್‌ನ ರಿವ್ಯೂ: ಹೇಗೆ ನಡೆಸಬೇಕು, ಮಾರ್ಕ್ಸ್ ಯಾವುದಕ್ಕೆ ಕೊಡಬೇಕು

ಬೆಂಗಳೂರಿನ ಇಂಜಿನಿಯರಿಂಗ್ ಮತ್ತು ಡಿಸೈನ್ ಕಾಲೇಜುಗಳಲ್ಲಿ ಆಪ್ ಡಿಸೈನಿನ ಮೊದಲ ರಿವ್ಯೂ ಸಾಮಾನ್ಯವಾಗಿ ಹೀಗೆ ನಡೆಯುತ್ತದೆ. ಟೀಮು ಎದ್ದು ಬರುತ್ತದೆ. ಪ್ರೊಜೆಕ್ಟರ್‌ಗೆ ಲ್ಯಾಪ್‌ಟಾಪ್ ಸಿಕ್ಕಿಸುತ್ತದೆ. "ಇದು ಲಾಗಿನ್ ಪೇಜ್, ಇದು ಹೋಮ್ ಪೇಜ್, ಇದು ಪ್ರೊಫೈಲ್ ಪೇಜ್" ಎಂದು ಒಂದೊಂದೇ ಸ್ಲೈಡು ಓದುತ್ತದೆ. ಮೇಷ್ಟ್ರು "ಬಣ್ಣ ಸ್ವಲ್ಪ ಬದಲಾಯಿಸಿ, ಲೋಗೋ ದೊಡ್ಡದು ಮಾಡಿ" ಅನ್ನುತ್ತಾರೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಮುಂದಿನ ಟೀಮು ಬರುತ್ತದೆ. ಆ ಆಪನ್ನು ಟೀಮಿನ ಹೊರಗಿನವರು ಒಬ್ಬರೂ ಮುಟ್ಟಿ ನೋಡಿರುವುದಿಲ್ಲ.

ಈ ಬರಹ ಅಂಥ ರಿವ್ಯೂ ನಡೆಸುವ ಮೇಷ್ಟ್ರುಗಳಿಗೆ, ಮೇಡಂಗಳಿಗೆ. ನಾನು ಹೇಳುವುದು ಇಷ್ಟೇ. ಮೊದಲ ಪ್ರೋಟೋಟೈಪನ್ನು, ಅಂದರೆ ಆಪಿನ ಕಚ್ಚಾ ಮಾದರಿಯನ್ನು, ತೋರಿಸಿದರೆ ಸಾಲದು, ಅದನ್ನು ಹಿಂದೆ ನೋಡದ ಒಬ್ಬರ ಕೈಯಲ್ಲಿ ಎಲ್ಲರೆದುರು ಬಳಸಿಸಬೇಕು. ಮಾರ್ಕ್ಸ್ ಕೊಡುವಾಗ ಸ್ಕ್ರೀನಿನ ಅಂದ ನೋಡಬಾರದು. ಆ ಬಳಕೆಯಿಂದ ಟೀಮಿಗೆ ಏನು ತಿಳಿಯಿತು, ತಿಳಿದ ಮೇಲೆ ಏನು ಬದಲಾಯಿಸುತ್ತಾರೆ ಅನ್ನೋದನ್ನು ನೋಡಬೇಕು.

ಉದಾಹರಣೆಗೆ ಒಂದು ಟೀಮನ್ನು ಇಟ್ಟುಕೊಳ್ಳೋಣ. ಅವರ ವಿಷಯ ಪಿಜಿ (ಪೇಯಿಂಗ್ ಗೆಸ್ಟ್ ವಸತಿ) ಊಟ. ರಾತ್ರಿ ಎಷ್ಟು ಜನ ಊಟಕ್ಕೆ ಬರ್ತಾರೆ ಅಂತ ಪಿಜಿ ಅಡುಗೆಯವರಿಗೆ ಮೊದಲೇ ಗೊತ್ತಾಗುವುದಿಲ್ಲ. ಒಂದು ದಿನ ಅನ್ನ ಮಿಗುತ್ತದೆ. ಇನ್ನೊಂದು ದಿನ ಆಫೀಸಿಂದ ಒಂಬತ್ತೂವರೆಗೆ ಬಂದವರಿಗೆ ಪಾತ್ರೆ ತಳದ ಸಾರಷ್ಟೇ ಉಳಿದಿರುತ್ತದೆ. "ಇವತ್ತು ನನಗೆ ಊಟ ಬೇಡ" ಅಂತ ಸಂಜೆಯೊಳಗೆ ತಿಳಿಸುವ ಆಪ್ ಮಾಡಬೇಕು ಅನ್ನೋದು ಟೀಮಿನ ಆಸೆ.

ಹಂತ 1: ಎರಡು ವಾರ ಮುಂಚೆ ಒಂದು ಪ್ರಶ್ನೆ ಬರೆಸಿ

ರಿವ್ಯೂ ತಾರೀಖು ಗೊತ್ತಾದ ಕೂಡಲೇ ಪ್ರತಿ ಟೀಮಿನಿಂದ ಒಂದು ಹಾಳೆ ತರಿಸಿ. ಅದರಲ್ಲಿ ಮೂರೇ ಸಾಲು ಇರಲಿ. ಯಾರಿಗಾಗಿ ಮಾಡುತ್ತಿದ್ದೀರಿ? ಅವರು ಇದರಲ್ಲಿ ಯಾವ ಕೆಲಸ ಮುಗಿಸಬೇಕು? ಈ ಪ್ರೋಟೋಟೈಪ್‌ನಿಂದ ನಿಮಗೆ ಏನು ತಿಳಿಯಬೇಕಾಗಿದೆ?

ಮೂರನೆಯದೇ ಮುಖ್ಯ. ಬಹಳ ಟೀಮುಗಳು ಅಲ್ಲಿ "ನಮ್ಮ ಆಪ್ ಯೂಸರ್ ಫ್ರೆಂಡ್ಲಿ ಆಗಿದೆಯಾ" ಅಂತ ಬರೆದು ತರುತ್ತವೆ. ಇದನ್ನು ಯಾರಿಗೆ ಕೇಳಿದರೂ "ಹೂಂ, ಚೆನ್ನಾಗಿದೆ" ಅನ್ನುತ್ತಾರೆ. ಟೀಮಿಗೆ ಹೊಸದೇನೂ ತಿಳಿಯುವುದಿಲ್ಲ. ಹಾಳೆ ವಾಪಸ್ ಕೊಟ್ಟು ಮತ್ತೆ ಬರೆಸಿ. ಪಿಜಿ ಟೀಮಿಗೆ ಸರಿಯಾದ ಪ್ರಶ್ನೆ ಹೀಗಿರಬಹುದು: "ಊಟ ಬೇಡ ಅಂತ ಸಂಜೆ ಐದರೊಳಗೆ ಹೇಳಬೇಕು ಅನ್ನೋದು ನಾವು ಬಾಯಿಬಿಟ್ಟು ಹೇಳದೇ ಬಳಸುವವರಿಗೆ ಗೊತ್ತಾಗುತ್ತದಾ?" ಇದಕ್ಕೆ ಹೌದು ಅಥವಾ ಇಲ್ಲ ಅಂತ ಉತ್ತರ ಸಿಗುತ್ತದೆ. ಒಬ್ಬರು ಬಳಸುವುದನ್ನು ನೋಡಿದರೆ ಸಾಕು, ಉತ್ತರದ ಸುಳಿವು ಸಿಕ್ಕಿಬಿಡುತ್ತದೆ.

"ಯಾರಿಗಾಗಿ" ಅನ್ನೋ ಸಾಲನ್ನೂ ಸ್ವಲ್ಪ ಕೆದಕಿ. ವಿದ್ಯಾರ್ಥಿಗಳು ತಮ್ಮಂಥವರನ್ನೇ ಬರೆಯುತ್ತಾರೆ, ಅಲ್ವಾ? ಪಿಜಿಯಲ್ಲಿರುವ ಹುಡುಗ, ಹುಡುಗಿ, ಕೈಯಲ್ಲಿ ಹೊಸ ಫೋನು. ಆದರೆ ಆ ಲೆಕ್ಕ ನಿಜವಾಗಿ ಬೇಕಾಗಿರುವುದು ಅಡುಗೆ ಮಾಡುವ ಅಕ್ಕನಿಗೆ. ಅಕ್ಕಿ ತೊಳೆಯುವ ಹೊತ್ತಿಗೆ ಅವರ ಕೈ ಒದ್ದೆ, ಫೋನು ಕಟ್ಟೆಯ ಮೇಲೆ. ಅವರು ಫೋನನ್ನು ಕೈಗೆ ತೆಗೆದುಕೊಳ್ಳದೆ, ದೂರದಿಂದಲೇ, ಒಂದು ಸಂಖ್ಯೆ ಓದಬೇಕು. "ಇದನ್ನ ಇನ್ಯಾರು ನೋಡ್ತಾರೆ? ಆ ಹೊತ್ತಲ್ಲಿ ಅವರು ಏನು ಮಾಡ್ತಿರ್ತಾರೆ?" ಎಂಬ ಎರಡು ಪ್ರಶ್ನೆ ಕೇಳಿದರೆ ಟೀಮು ತಾನಾಗಿ ಅಲ್ಲಿಗೆ ಬರುತ್ತದೆ.

ತಾನಾಗಿ ಬರಲಿ ಅನ್ನೋದು ಮುಖ್ಯ. ಗೈಡ್ ಆದವರು ಪೆನ್ನು ಕೈಗೆ ತೆಗೆದುಕೊಂಡು ಸ್ಕ್ರೀನ್ ಬರೆದುಕೊಡಬಾರದು. ನೀವು ಬರೆದುಕೊಟ್ಟರೆ ಮುಗೀತು, ಮುಂದಿನ ಎರಡು ವಾರ ಅವರು ನಿಮ್ಮ ಸ್ಕ್ರೀನನ್ನೇ ನಕಲು ಮಾಡುತ್ತಾರೆ. ರಿವ್ಯೂ ದಿನ ನೀವು ನಿಮ್ಮ ಕೆಲಸಕ್ಕೇ ಮಾರ್ಕ್ಸ್ ಕೊಡಬೇಕಾಗುತ್ತದೆ.

ಹಂತ 2: ಕಾಗದದಲ್ಲೇ ಮಾಡಿಸಿ

ಸ್ಕ್ರೀನ್ ಡಿಸೈನ್ ಮಾಡುವ ಫಿಗ್ಮಾ ಎಂಬ ಸಾಫ್ಟ್‌ವೇರಿನಲ್ಲಿ ಒಂದು ಮಧ್ಯಾಹ್ನದೊಳಗೆ ನೋಡಲು ಪೂರ್ತಿ ಮುಗಿದಂತೆ ಕಾಣುವ ಆಪ್ ಕಟ್ಟಬಹುದು. ಈಗ ಎಐ ಟೂಲ್‌ಗಳಿಗೆ ಎರಡು ಸಾಲು ಬರೆದುಕೊಟ್ಟರೆ ಇನ್ನೂ ಬೇಗ. ಮೊದಲ ಹಂತದಲ್ಲಿ ಇದೇ ತೊಂದರೆ. ಮುಗಿದಂತೆ ಕಾಣುವುದನ್ನು ಬದಲಾಯಿಸಲು ಟೀಮಿಗೆ ಮನಸ್ಸು ಬರುವುದಿಲ್ಲ. ನೋಡುವವರೂ ಬಣ್ಣ, ಅಕ್ಷರ, ಐಕಾನ್ ಬಗ್ಗೆಯೇ ಮಾತಾಡುತ್ತಾರೆ. ಪೆನ್ಸಿಲ್ಲಲ್ಲಿ ಬರೆದದ್ದು ಕಂಡರೆ "ಇದು ನನಗೆ ಅರ್ಥ ಆಗ್ಲಿಲ್ಲ" ಅನ್ನಲು ಯಾರಿಗೂ ಸಂಕೋಚ ಇರುವುದಿಲ್ಲ. ಹರಿದು ಹಾಕಲೂ ನೋವಾಗುವುದಿಲ್ಲ.

ದೊಡ್ಡ ಉತ್ಪನ್ನಗಳೂ ಹೀಗೇ ಶುರುವಾಗಿವೆ. ಪಾಮ್ ಪೈಲಟ್ ಎಂಬ ಕೈಗಣಕ 1996ರಲ್ಲಿ ಮಾರುಕಟ್ಟೆಗೆ ಬಂತು. ಅದನ್ನು ರೂಪಿಸಿದ ಜೆಫ್ ಹಾಕಿನ್ಸ್ ಅದಕ್ಕೂ ಮೊದಲು ಅದೇ ಅಳತೆಯ ಮರದ ತುಂಡನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದ್ದರು. ಯಾರಾದರೂ ಭೇಟಿಗೆ ದಿನ ಕೇಳಿದರೆ ಆ ತುಂಡನ್ನು ತೆಗೆದು, ಅದರಲ್ಲಿ ಕ್ಯಾಲೆಂಡರ್ ಇದ್ದಂತೆ ಬರೆದುಕೊಳ್ಳುವ ನಟನೆ ಮಾಡುತ್ತಿದ್ದರು. ಜೇಬಿಗೆ ಹಿಡಿಯುತ್ತದಾ, ದಿನದಲ್ಲಿ ಎಷ್ಟು ಸಲ ತೆಗೆಯಬೇಕಾಗುತ್ತದೆ ಅನ್ನೋ ಪ್ರಶ್ನೆಗೆ ಮರದ ತುಂಡೇ ಸಾಕಾಯಿತು. ಈ ಕತೆಯನ್ನು ಕ್ಲಾಸಿನಲ್ಲಿ ಹೇಳಿ. ಕಾಗದ ಅಂದರೆ ಮೂಗು ಮುರಿಯುವ ವಿದ್ಯಾರ್ಥಿಗಳು ಒಪ್ಪಿಕೊಳ್ಳುತ್ತಾರೆ.

ಬೇಕಾಗುವ ಸಾಮಾನು ಜಾಸ್ತಿ ಏನಿಲ್ಲ. ಎ4 ಹಾಳೆ, ಅಂಟು ಚೀಟಿ, ಕತ್ತರಿ, ಪೆನ್ಸಿಲ್, ಒಂದು ಕಪ್ಪು ಸ್ಕೆಚ್ ಪೆನ್ನು, ಹಳೇ ರಟ್ಟಿನ ಡಬ್ಬ. ಎಲ್ಲಾ ಟೀಮಿಗೂ ಒಟ್ಟಿಗೆ ಕೊಳ್ಳುವುದಾದರೆ ಅವೆನ್ಯೂ ರಸ್ತೆಯ ಸ್ಟೇಷನರಿ ಅಂಗಡಿಗಳಿಗೆ ಒಬ್ಬರನ್ನು ಕಳಿಸಿ. ರಟ್ಟಿನಲ್ಲಿ ಸುಮಾರು 7 ಸೆಂಟಿಮೀಟರ್ ಅಗಲ, 15 ಸೆಂಟಿಮೀಟರ್ ಎತ್ತರದ ಕಿಂಡಿ ಕತ್ತರಿಸಿದರೆ ಫೋನಿನ ಚೌಕಟ್ಟು ಸಿದ್ಧ. ಪ್ರತಿ ಸ್ಕ್ರೀನೂ ಆ ಕಿಂಡಿಯೊಳಗೆ ಹಿಡಿಯಬೇಕು. ಈ ಒಂದು ನಿಯಮ ಇಟ್ಟರೆ, ಎ4 ಹಾಳೆ ತುಂಬಾ ಹರಡಿ ಬರೆದ "ಮೊಬೈಲ್ ಸ್ಕ್ರೀನ್" ಬರುವುದು ನಿಲ್ಲುತ್ತದೆ.

ಬಟನ್ನಿಗೂ ಅಳತೆ ಕೊಡಿ. ಬೆರಳಿಟ್ಟು ಒತ್ತುವ ಜಾಗ ಸುಮಾರು 9 ಮಿಲಿಮೀಟರ್ ಇರಬೇಕು ಅನ್ನೋದು ಆಂಡ್ರಾಯ್ಡ್‌ನ ಮಾರ್ಗಸೂಚಿ. ಕಾಗದದ ಮೇಲೆ ಸ್ಕೇಲ್ ಇಟ್ಟು ಒಂದು ಸೆಂಟಿಮೀಟರ್ ಅಂತ ಇಟ್ಟುಕೊಳ್ಳಲಿ.

ಅಕ್ಷರಗಳ ಜಾಗದಲ್ಲಿ ಸೊಟ್ಟ ಗೆರೆ ಎಳೆದು ಬಿಡಲು ಅವಕಾಶ ಕೊಡಬೇಡಿ. ನಿಜವಾದ ಮಾತೇ ಇರಬೇಕು, ನಿಜವಾದ ಹೆಸರೇ ಇರಬೇಕು. ಮೆಟ್ರೋ ಆಪ್ ಮಾಡುವ ಟೀಮು ಪಟ್ಟಿಯಲ್ಲಿ "ಸ್ಟೇಷನ್ 1, ಸ್ಟೇಷನ್ 2" ಅಂತ ಬರೆದರೆ ಎಲ್ಲವೂ ಅಂದವಾಗಿ ಕೂರುತ್ತದೆ. ಅದೇ ಜಾಗದಲ್ಲಿ "ನಾಡಪ್ರಭು ಕೆಂಪೇಗೌಡ ನಿಲ್ದಾಣ, ಮೆಜೆಸ್ಟಿಕ್" ಅಂತ ಬರೆಯಲು ಹೇಳಿ. ಸಾಲು ಮುರಿಯುತ್ತದೆ, ಒತ್ತಕ್ಷರ ಕೆಳಗಿನ ಗೆರೆಗೆ ತಾಗುತ್ತದೆ, ಪಕ್ಕದ ಬಟನ್ನಿಗೆ ಜಾಗ ಉಳಿಯುವುದಿಲ್ಲ. ಕನ್ನಡದಲ್ಲಿ ಬಳಸುವವರಿಗೆ ಆಪ್ ಮಾಡುತ್ತಿದ್ದರೆ ಈ ತೊಂದರೆ ಕಾಗದದ ಮೇಲೇ ಗೊತ್ತಾಗಲಿ. ಕೋಡ್ ಬರೆದ ಮೇಲೆ ಗೊತ್ತಾದರೆ ಕೆಲಸ ದುಪ್ಪಟ್ಟು.

ಕೆಲವು ವಿಷಯ ಬರೀ ಸ್ಕ್ರೀನ್ ಬರೆದರೆ ಸಾಲದು. ಕನ್ನಡದಲ್ಲಿ ಮಾತಾಡಿದರೆ ಉತ್ತರ ಕೊಡುವ ಆಪ್ ಮಾಡ್ತೀವಿ ಅಂತ ಪ್ರತಿ ಬ್ಯಾಚಿನಲ್ಲೂ ಒಂದು ಟೀಮಾದರೂ ಬರುತ್ತದೆ. ಅವರಿಗೆ ಕೋಡ್ ಬೇಡ. ಟೀಮಿನವರೊಬ್ಬರು ಪಕ್ಕದ ರೂಮಿನಲ್ಲಿ ಕೂತು, ಬಳಸುವವರ ಮಾತು ಕೇಳಿಸಿಕೊಂಡು, ಯಂತ್ರದ ಪರವಾಗಿ ಉತ್ತರ ಟೈಪ್ ಮಾಡಲಿ. ಐಬಿಎಂನ ಜಾನ್ ಗೌಲ್ಡ್ ಮತ್ತು ಜೊತೆಗಾರರು ಮಾತು ಕೇಳಿ ಅಕ್ಷರ ಮೂಡಿಸುವ ಟೈಪ್‌ರೈಟರನ್ನು ಹೀಗೇ ಪರೀಕ್ಷಿಸಿ 1983ರಲ್ಲಿ ಪ್ರಕಟಿಸಿದರು. ಅಂಥ ಯಂತ್ರ ಆಗ ಇರಲೇ ಇಲ್ಲ. ಒಳಗೆ ಕೂತಿದ್ದವರು ಒಬ್ಬ ಟೈಪಿಸ್ಟ್. ಪರೀಕ್ಷೆ ಮುಗಿದ ಮೇಲೆ ಬಳಸಿದವರಿಗೆ ವಿಷಯ ಬಿಡಿಸಿ ಹೇಳಬೇಕು ಅನ್ನೋದನ್ನು ಮಾತ್ರ ಟೀಮಿಗೆ ಮರೆಯದೆ ನೆನಪಿಸಿ.

ಹಂತ 3: ಸಮಯ ಮತ್ತು ಜಾಗ

ಒಂದು ಟೀಮಿಗೆ 12 ನಿಮಿಷ ಸಾಕು. ಎರಡು ನಿಮಿಷ ಯಾರಿಗಾಗಿ, ಏನು ಪ್ರಶ್ನೆ ಅಂತ ಹೇಳಲು. ಆರು ನಿಮಿಷ ಬಳಕೆ. ಮೂರು ನಿಮಿಷ ಮಾತುಕತೆ. ಒಂದು ನಿಮಿಷ ಮೇಜು ಖಾಲಿ ಮಾಡಲು. 60 ಜನರ ಕ್ಲಾಸಿನಲ್ಲಿ ನಾಲ್ಕು ನಾಲ್ಕು ಜನರಂತೆ 15 ಟೀಮಾದರೆ ಒಟ್ಟು ಮೂರು ಗಂಟೆ. ಒಂದೇ ದಿನ ಮೂರು ಗಂಟೆ ಕೂರಿಸಿದರೆ ಕೊನೆಯ ಟೀಮುಗಳ ಹೊತ್ತಿಗೆ ನಿಮಗೂ ಗಮನ ಇರುವುದಿಲ್ಲ, ಮಕ್ಕಳಿಗೂ ಇರುವುದಿಲ್ಲ. ಎರಡು ಲ್ಯಾಬ್ ಅವಧಿಗೆ ಹಂಚಿ.

ಸ್ಲೈಡು ಬೇಡ ಅಂತ ಮೊದಲೇ ಹೇಳಿಬಿಡಿ. ಮೇಜಿನ ಮೇಲಿನ ಕಾಗದ ಹಿಂದಿನ ಬೆಂಚಿಗೆ ಕಾಣುವುದಿಲ್ಲ ಅನ್ನೋದು ನಿಜ. ನಾಲ್ಕೈದು ದಪ್ಪ ಪುಸ್ತಕ ಜೋಡಿಸಿ, ಮೇಲೆ ಒಂದು ಫೋನನ್ನು ಕ್ಯಾಮೆರಾ ಕೆಳಮುಖವಾಗಿ ಇಟ್ಟು, ಅದನ್ನೇ ಪ್ರೊಜೆಕ್ಟರ್‌ಗೆ ಜೋಡಿಸಿದರೆ ಎಲ್ಲರಿಗೂ ಕಾಣುತ್ತದೆ. ಕರೆಂಟ್ ಹೋದರೆ ಎಲ್ಲರೂ ಮೇಜಿನ ಸುತ್ತ ನಿಂತು ನೋಡಲಿ, ಅದೂ ನಡೆಯುತ್ತದೆ.

ಟೀಮಿನ ನಾಲ್ವರಿಗೂ ಬೇರೆ ಬೇರೆ ಕೆಲಸ ಇರಲಿ. ಒಬ್ಬರು ಪರಿಚಯ ಮಾಡಿಕೊಡುತ್ತಾರೆ. ಒಬ್ಬರು ಬಳಸುವವರನ್ನು ಮಾತಾಡಿಸುತ್ತಾರೆ. ಒಬ್ಬರು ಕಂಪ್ಯೂಟರ್ ಆಗುತ್ತಾರೆ, ಅಂದರೆ ಬೆರಳು ಎಲ್ಲಿ ಬಿತ್ತೋ ಅದಕ್ಕೆ ತಕ್ಕ ಹಾಳೆ ತೆಗೆದಿಡುವುದು, ಬಾಯಿ ಬಿಡದೆ. ಇನ್ನೊಬ್ಬರು ನಡೆದದ್ದನ್ನೆಲ್ಲಾ ಬರೆದುಕೊಳ್ಳುತ್ತಾರೆ. ಬರೆದುಕೊಳ್ಳುವ ಕೆಲಸಕ್ಕೆ ಸಾಮಾನ್ಯವಾಗಿ ಸುಮ್ಮನಿರುವ ವಿದ್ಯಾರ್ಥಿಯನ್ನು ತಳ್ಳುತ್ತಾರೆ. ಆದರೆ ಅದೇ ಅತಿ ಮುಖ್ಯವಾದ ಕೆಲಸ, ಮಾರ್ಕ್ಸ್ ಅಲ್ಲಿಂದಲೇ ಬರುತ್ತದೆ ಅಂತ ಟೀಮಿಗೆ ತಿಳಿಸಿ.

ಹಂತ 4: ಬಳಸುವವರು ಯಾರು, ಅವರಿಗೆ ಏನು ಹೇಳಬೇಕು

ಪಕ್ಕದ ಟೀಮಿನವರನ್ನು ಕರೆದರೆ ಅವರಿಗೆ ಆಪಿನ ವಿಷಯ ಆಗಲೇ ಗೊತ್ತಿರುತ್ತದೆ. ಸ್ನೇಹಿತರಿಗೆ ಮುಜುಗರ ಆಗದಿರಲಿ ಅಂತ ಸಲೀಸಾಗಿ ಮಾಡಿ ಮುಗಿಸುತ್ತಾರೆ. ಬೇರೆ ವಿಭಾಗದ ವಿದ್ಯಾರ್ಥಿ, ಲೈಬ್ರರಿಯ ಸಿಬ್ಬಂದಿ, ಆಫೀಸಿನವರು, ಕ್ಯಾಂಟೀನ್ ಅಣ್ಣ, ಹೀಗೆ ಹೊರಗಿನವರನ್ನು ಕರೆಸಿ. ಅವರ ಕೆಲಸದ ಹೊತ್ತು ನೋಡಿಕೊಂಡು ಮೊದಲೇ ಕೇಳಿ. ಬಂದವರಿಗೆ ಒಂದು ಮಾತು ಚೆನ್ನಾಗಿ ಹೇಳಬೇಕು: "ನಾವು ಪರೀಕ್ಷೆ ಮಾಡ್ತಿರೋದು ಈ ಕಾಗದವನ್ನ, ನಿಮ್ಮನ್ನಲ್ಲ. ನಿಮಗೆ ಗೊತ್ತಾಗದಿದ್ದರೆ ಅದು ನಮ್ಮ ತಪ್ಪು." ಮುಖದ ಫೋಟೋ, ವಿಡಿಯೋ ಬೇಡ. ಕೈ ಮತ್ತು ಕಾಗದ ಮಾತ್ರ ಕ್ಯಾಮೆರಾದಲ್ಲಿ ಬಂದರೆ ಸಾಕು. ಪ್ರೋಟೋಟೈಪಿನಲ್ಲಿ ಫೋನ್ ನಂಬರ್ ತುಂಬುವ ಜಾಗವಿದ್ದರೆ ಸುಳ್ಳು ನಂಬರ್ ಬರೆಯಲು ಹೇಳಿ.

ಕೆಲಸ ಒಪ್ಪಿಸುವಾಗ ಬಟನ್ನಿನ ಹೆಸರು ಬಾಯಲ್ಲಿ ಬರಬಾರದು. "ಮೀಲ್ ಕ್ಯಾನ್ಸಲ್ ಒತ್ತಿ" ಅಂದರೆ ಯಾರು ಬೇಕಾದರೂ ಒತ್ತುತ್ತಾರೆ. ಪರಿಸ್ಥಿತಿ ಹೇಳಿ: "ಇವತ್ತು ರಾತ್ರಿ ನೀವು ವಿಜಯನಗರದಲ್ಲಿರುವ ಚಿಕ್ಕಮ್ಮನ ಮನೆಗೆ ಊಟಕ್ಕೆ ಹೋಗಬೇಕು. ಈಗ ಮಧ್ಯಾಹ್ನ ಮೂರು ಗಂಟೆ. ಪಿಜಿಯವರಿಗೆ ಹೇಗೆ ತಿಳಿಸ್ತೀರಿ?" ಅಷ್ಟೇ. ಜೊತೆಗೆ, ಮನಸ್ಸಿನಲ್ಲಿ ಬಂದದ್ದನ್ನೆಲ್ಲಾ ಜೋರಾಗಿ ಹೇಳುತ್ತಾ ಹೋಗಿ ಅಂತ ಕೇಳಿಕೊಳ್ಳಬೇಕು.

ಆಪ್ ಬಳಸುವ ಜಾಗಕ್ಕೂ ಕ್ಲಾಸ್ ರೂಮಿಗೂ ಬಹಳ ವ್ಯತ್ಯಾಸ ಇದ್ದರೆ, ರಿವ್ಯೂಗೆ ಮೊದಲು ಒಂದು ಸಲ ಅಲ್ಲಿಗೇ ಹೋಗಿ ಬರಲಿ. ಮೆಜೆಸ್ಟಿಕ್‌ನಲ್ಲಿ ಬಸ್ಸಿನ ಪ್ಲಾಟ್‌ಫಾರ್ಮ್ ಹುಡುಕಿಕೊಡುವ ಆಪ್ ಆದರೆ ಬಸ್ ಸ್ಟ್ಯಾಂಡಿನಲ್ಲೇ ನಿಂತು ಅದೇ ಕಾಗದವನ್ನು ಒಬ್ಬರಿಗೆ ತೋರಿಸಬೇಕು. ಒಂದು ಕೈಯಲ್ಲಿ ಬ್ಯಾಗು, ಇನ್ನೊಂದು ಕೈಯಲ್ಲಿ ಮಗು, ಕಣ್ಣಿಗೆ ಹೊಡೆಯುವ ಬಿಸಿಲು. ಕೂತು ಬರೆದ ಸ್ಕ್ರೀನಿನಲ್ಲಿ ಎಷ್ಟು ಓದಲು ಆಗುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ.

ಹಂತ 5: ಆ ಆರು ನಿಮಿಷ

ಪಿಜಿ ಟೀಮಿನ ಸರದಿ ಅಂದುಕೊಳ್ಳಿ. ಲೈಬ್ರರಿಯಿಂದ ಬಂದ ಮೇಡಂ ಮೇಜಿನ ಮುಂದೆ ಕೂತಿದ್ದಾರೆ. ರಟ್ಟಿನ ಕಿಂಡಿಯಲ್ಲಿ ಮೊದಲ ಹಾಳೆ. ಮೇಲೆ "ಇಂದಿನ ಊಟ", ಕೆಳಗೆ ಮೂರು ಚೌಕ: ಬೆಳಗ್ಗೆ, ಮಧ್ಯಾಹ್ನ, ರಾತ್ರಿ. ಪ್ರತಿ ಚೌಕದ ಪಕ್ಕ ಒಂದು ಸರಿ ಗುರುತು.

"ರಾತ್ರಿ ಅಂತ ಇದೆ. ಇದನ್ನ ಒತ್ತಲಾ?" ಅನ್ನುತ್ತಾರೆ ಮೇಡಂ.

ಮಾತಾಡಿಸುವ ಹುಡುಗಿ: "ನಿಮಗೆ ಏನನ್ನಿಸ್ತಿದೆ, ಮೇಡಂ?"

"ಒತ್ತಿದ್ರೆ ಊಟ ಬೇಕು ಅಂತ ಆಗುತ್ತೋ, ಬೇಡ ಅಂತ ಆಗುತ್ತೋ ಗೊತ್ತಾಗ್ತಿಲ್ಲಮ್ಮ. ಆಗಲೇ ಸರಿ ಗುರುತು ಇದೆಯಲ್ಲ."

ಒತ್ತುತ್ತಾರೆ. ಕಂಪ್ಯೂಟರ್ ಆದ ಹುಡುಗ ಸರಿ ಗುರುತಿನ ಚೀಟಿ ಕಿತ್ತು ತೆಗೆಯುತ್ತಾನೆ. ಮೇಡಂ ಕಾಯುತ್ತಾರೆ. ಬೇರೇನೂ ಬರುವುದಿಲ್ಲ.

"ಆಯ್ತಾ? ಅವರಿಗೆ ತಿಳೀತಾ?"

ಈ ಹೊತ್ತಿನಲ್ಲಿ ಟೀಮಿನ ಒಬ್ಬರು ತಡೆಯಲಾರದೆ "ಹೂಂ ಮೇಡಂ, ಅದು ಆಟೋಮ್ಯಾಟಿಕ್ ಆಗಿ ಹೋಗುತ್ತೆ" ಅಂದೇ ಅನ್ನುತ್ತಾರೆ. ಅಲ್ಲೇ ನಿಮ್ಮ ಕೆಲಸ. "ನೀನು ಹೇಳ್ಬೇಡಪ್ಪ, ಅವರೇ ನೋಡ್ಲಿ" ಅಂತ ಮೆತ್ತಗೆ ತಡೆಯಿರಿ. ಮನೆಯಲ್ಲಿ ಆಪ್ ಬಳಸುವವರ ಪಕ್ಕ ಈ ಹುಡುಗ ಕೂತಿರುವುದಿಲ್ಲ.

ಈ ಅರ್ಧ ನಿಮಿಷದಲ್ಲಿ ಎರಡು ವಿಷಯ ಹೊರಗೆ ಬಂತು. ಸರಿ ಗುರುತು "ಬೇಕು" ಅಂತ ಹೇಳುತ್ತಿದೆಯೋ "ಬೇಡ" ಅಂತ ಹೇಳುತ್ತಿದೆಯೋ ಸ್ಪಷ್ಟವಿಲ್ಲ. ಒತ್ತಿದ ಮೇಲೆ ಅಡುಗೆಯವರಿಗೆ ತಲುಪಿತು ಅನ್ನೋ ಭರವಸೆ ಸಿಗುತ್ತಿಲ್ಲ. ಆದರೆ ಟೀಮು ಕೇಳಿಕೊಂಡಿದ್ದ ಪ್ರಶ್ನೆ ಬೇರೆ, ಐದು ಗಂಟೆಯ ಗಡುವಿನದು. ಗಡುವಿನ ವಿಷಯ ಮೇಡಂ ಎತ್ತಲೇ ಇಲ್ಲ. ಅಂದರೆ ಅದು ಅವರ ಕಣ್ಣಿಗೆ ಬಿದ್ದಿಲ್ಲ. ಇದೂ ಉತ್ತರವೇ. ಬರೆದುಕೊಳ್ಳುವವರು ಈ ಮೂರನ್ನೂ ಹಿಡಿದಿದ್ದಾರಾ ನೋಡಿ.

ಅವರ ಹಾಳೆಯಲ್ಲಿ ಎರಡು ಕಾಲಂ ಹಾಕಿಸಿ. ಎಡಕ್ಕೆ ಕಂಡದ್ದು ಮತ್ತು ಕೇಳಿದ್ದು, ಬಲಕ್ಕೆ ನಮಗೆ ಅನ್ನಿಸಿದ್ದು. "ರಾತ್ರಿ ಚೌಕದ ಮೇಲೆ ಬೆರಳು ಹಿಡಿದು ನಿಂತರು, ಬೇಕೋ ಬೇಡವೋ ಅಂತ ಕೇಳಿದರು" ಎಡಕ್ಕೆ. "ಸರಿ ಗುರುತು ಗೊಂದಲ ಮಾಡುತ್ತಿದೆ" ಬಲಕ್ಕೆ. ವಿದ್ಯಾರ್ಥಿಗಳು ಎಡಗಡೆ ಖಾಲಿ ಬಿಟ್ಟು ಬಲಗಡೆ ತುಂಬುತ್ತಾರೆ. "ಯೂಸರ್ ಕನ್‌ಫ್ಯೂಸ್ ಆದರು" ಅಂತ ಒಂದು ಸಾಲು ಬರೆದರೆ ಅದರಿಂದ ಮುಂದೆ ಏನೂ ಮಾಡಲು ಬರುವುದಿಲ್ಲ. ಎಲ್ಲಿ, ಏನು ನೋಡಿ, ಯಾವ ಮಾತು ಹೇಳಿದರು ಅನ್ನೋದು ಬೇಕು. ನೀವೂ ಇದೇ ಎರಡು ಕಾಲಂ ಹಾಳೆ ಇಟ್ಟುಕೊಂಡು ಬರೆಯುತ್ತಾ ಹೋಗಿ. ಆಮೇಲೆ ಹೋಲಿಸಲು ಬೇಕಾಗುತ್ತದೆ.

ಹಂತ 6: ಮಾತುಕತೆ

ಮೂರು ನಿಮಿಷವಷ್ಟೇ ಇರುವುದು. ಮೊದಲ ಮಾತು ಟೀಮಿನದ್ದಾಗಲಿ: "ಈಗ ನೋಡಿದ್ರಲ್ಲ, ನಿಮ್ಮ ಪ್ರಶ್ನೆಗೆ ಏನು ಉತ್ತರ ಸಿಕ್ತು?" ಅವರು ತಡವರಿಸಿದರೆ ಕಾಯಿರಿ. ಆಮೇಲೆ "ಯಾವ ಹಾಳೆಯನ್ನ ಮೊದಲು ಬದಲಾಯಿಸ್ತೀರಿ, ಯಾಕೆ?" ಅಂತ ಕೇಳಿ. "ಈ ಬಟನ್ ಇಲ್ಲಿ ಯಾಕೆ ಇಟ್ರಿ?" ಅನ್ನೋ ಪ್ರಶ್ನೆ ಬೇಡ ಅನ್ನುತ್ತೇನೆ. ಅದು ವಿದ್ಯಾರ್ಥಿಯನ್ನು ಸಮರ್ಥನೆಗೆ ಇಳಿಸುತ್ತದೆ. ಒಮ್ಮೆ ಸಮರ್ಥನೆಗೆ ಇಳಿದವರು ಆ ದಿನ ಇನ್ನೇನನ್ನೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಬಿಟ್ಟುಹೋದವರ ಬಗ್ಗೆ ಒಂದು ಪ್ರಶ್ನೆ ಪ್ರತಿ ಟೀಮಿಗೂ ಇರಲಿ. ಬಸ್ ಟಿಕೆಟ್ ಆಪ್ ಮಾಡಿದ ಟೀಮು ಎಲ್ಲರಿಗೂ ಹಣ ಕಟ್ಟುವ ಸ್ಕ್ರೀನ್ ಇಟ್ಟಿರುತ್ತದೆ. ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾದಾಗಿನಿಂದ ರಾಜ್ಯದ ಮಹಿಳೆಯರು ಬಿಎಂಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ತೆಗೆದುಕೊಳ್ಳುತ್ತಾರೆ. "ಈ ಸ್ಕ್ರೀನಿಗೆ ಬಂದಾಗ ಅವರು ಏನು ಮಾಡಬೇಕು?" ಅಂತ ಕೇಳಿದರೆ ಟೀಮಿನವರ ಮುಖ ಬದಲಾಗುತ್ತದೆ. ಬಸ್ಸಿನಲ್ಲಿ ದಿನಾ ನೋಡುವ ವಿಷಯ, ಹಾಳೆಯ ಮೇಲೆ ಬಂದಿರುವುದಿಲ್ಲ ಅಷ್ಟೇ.

ಕ್ಲಾಸಿನ ಉಳಿದವರು ಬಾಯಲ್ಲಿ ಹೇಳುವ ಬದಲು ಚೀಟಿಯಲ್ಲಿ ಬರೆಯಲಿ. ಒಂದು ಚೀಟಿ, ಒಂದು ವಿಷಯ. ಎಲ್ಲಿ ಗೊಂದಲವಾಯಿತು, ಏನು ಸಲೀಸಾಗಿತ್ತು. "ಸೂಪರ್" ಅಂತಲೋ "ಬಣ್ಣ ಹಾಕಿ" ಅಂತಲೋ ಬರೆದ ಚೀಟಿ ಲೆಕ್ಕಕ್ಕಿಲ್ಲ ಅಂತ ಮೊದಲೇ ಹೇಳಿ.

ಭಾಷೆಯ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು. ಬೆಂಗಳೂರಿನ ಕ್ಲಾಸುಗಳಲ್ಲಿ ರಾಯಚೂರು, ಚಾಮರಾಜನಗರ, ಹಾವೇರಿಯಿಂದ ಬಂದ ಮಕ್ಕಳಿದ್ದಾರೆ. ಹಲವರು ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲೇ ಓದಿದವರು. ಪ್ರೆಸೆಂಟೇಷನ್ ಇಂಗ್ಲಿಷಿನಲ್ಲೇ ಆಗಬೇಕು ಅಂದ ಕೂಡಲೇ ಅವರು ಟೀಮಿನ ಹಿಂದಿನ ಸಾಲಿಗೆ ಸರಿಯುತ್ತಾರೆ. ಆದರೆ ಹೊರಗಿನವರನ್ನು ಮಾತಾಡಿಸಿ ಅವರ ಕಷ್ಟ ತಿಳಿದುಕೊಳ್ಳುವುದರಲ್ಲಿ ಎಷ್ಟೋ ಸಲ ಅವರೇ ಮುಂದು. ಯಾವ ಭಾಷೆಯಲ್ಲಿ ಚೆನ್ನಾಗಿ ವಿವರಿಸಬಲ್ಲರೋ ಆ ಭಾಷೆಯಲ್ಲಿ ಮಾತಾಡಲಿ. ಕನ್ನಡ ಬಾರದ ಸಹಪಾಠಿಗಳಿಗೆ ಟೀಮಿನ ಇನ್ನೊಬ್ಬರು ಎರಡು ಸಾಲಿನಲ್ಲಿ ವಿವರಿಸಿದರೆ ಆಯಿತು.

ಹಂತ 7: ಮಾರ್ಕ್ಸ್

ಮಾರ್ಕ್ಸ್ ಹೇಗೆ ಬರುತ್ತದೆ ಅನ್ನೋದು ಮೊದಲ ದಿನವೇ, ಪ್ರಶ್ನೆಯ ಹಾಳೆ ತರಿಸುವಾಗಲೇ, ವಿದ್ಯಾರ್ಥಿಗಳ ಕೈಗೆ ಸಿಗಬೇಕು. 25ಕ್ಕೆ ಲೆಕ್ಕ ಹಾಕುವುದಾದರೆ ನಾನು ಹೀಗೆ ಹಂಚುತ್ತೇನೆ. ಪ್ರಶ್ನೆ ಎಷ್ಟು ಖಚಿತವಾಗಿದೆ ಅನ್ನೋದಕ್ಕೆ 5. ಪ್ರೋಟೋಟೈಪ್ ಆ ಪ್ರಶ್ನೆಗೆ ತಕ್ಕಷ್ಟಿದೆಯಾ ಅನ್ನೋದಕ್ಕೆ 4. ಬಳಸುವವರನ್ನು ಗೌರವದಿಂದ, ಸುಳಿವು ಕೊಡದೆ ನಡೆಸಿಕೊಂಡದ್ದಕ್ಕೆ 4. ಕಂಡದ್ದನ್ನು ಹಿಡಿದು ಅರ್ಥ ಮಾಡಿಕೊಂಡದ್ದಕ್ಕೆ 7. ಮುಂದಿನ ಬದಲಾವಣೆಗೆ 5.

ತಕ್ಕಷ್ಟು ಅಂದರೆ ಕಡಿಮೆಯೂ ಇರಬಾರದು, ಜಾಸ್ತಿಯೂ ಇರಬಾರದು. ಪಿಜಿ ಟೀಮಿನ ಪ್ರಶ್ನೆಗೆ ನಾಲ್ಕೈದು ಹಾಳೆ ಸಾಕು. ಲಾಗಿನ್, ಪ್ರೊಫೈಲ್, ಸೆಟ್ಟಿಂಗ್ಸ್ ಅಂತ ಇಪ್ಪತ್ತು ಹಾಳೆ ತಂದವರಿಗೆ ಇಲ್ಲಿ ಜಾಸ್ತಿ ಮಾರ್ಕ್ಸ್ ಬರಬಾರದು.

7 ಮಾರ್ಕ್ಸಿನ ಭಾಗವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಜಗಳ ಬರುವುದು ಅಲ್ಲೇ. "ಎಲ್ಲರಿಗೂ ಇಷ್ಟ ಆಯ್ತು" ಅನ್ನೋ ಮಟ್ಟದಲ್ಲಿ ನಿಂತರೆ 1 ಅಥವಾ 2. ಏನು ನಡೆಯಿತು ಅಂತ ಸರಿಯಾಗಿ ಬರೆದಿದ್ದಾರೆ, ಆದರೆ ಯಾಕೆ ಅಂತ ಯೋಚಿಸಿಲ್ಲ ಅಂದರೆ 3 ಅಥವಾ 4. ಕಂಡದ್ದರಿಂದ ಕಾರಣಕ್ಕೆ ಹೋಗಿದ್ದಾರೆ, ತಮ್ಮ ಊಹೆ ಎಲ್ಲಿ ಸುಳ್ಳಾಯಿತು ಅಂತ ನೇರವಾಗಿ ಹೇಳಿದ್ದಾರೆ ಅಂದರೆ 5ರಿಂದ 7. ಹಾಗಾಗಿ ಬಳಸುವವರು ಕೆಲಸ ಮುಗಿಸಲಾಗದೆ ಕೈಬಿಟ್ಟ ಪ್ರೋಟೋಟೈಪಿಗೂ ಪೂರ್ತಿ 7 ಬರಬಹುದು. ಇದನ್ನು ಕ್ಲಾಸಿಗೆ ಮೊದಲೇ ಹೇಳಿದರೆ ವಿದ್ಯಾರ್ಥಿಗಳಿಗೆ ಧೈರ್ಯ ಬರುತ್ತದೆ. ಹೇಳದಿದ್ದರೆ ಎಲ್ಲ ಟೀಮೂ ಗೆದ್ದ ಕತೆಯನ್ನೇ ತರುತ್ತದೆ.

ಹುಡುಕಿದ ತೊಂದರೆಗಳಲ್ಲಿ ಯಾವುದು ದೊಡ್ಡದು ಅಂತ ಟೀಮೇ ತೂಗಲಿ. ಇದಕ್ಕೆ ಬಳಕೆಯ ಸುಲಭತೆಯ ತಜ್ಞ ಜೇಕಬ್ ನೀಲ್ಸನ್ ಕೊಟ್ಟ 0ಯಿಂದ 4ರ ಅಳತೆ ಸರಳವಾಗಿದೆ. 0 ಅಂದರೆ ತೊಂದರೆಯೇ ಅಲ್ಲ, 4 ಅಂದರೆ ಜನರ ಕೈಗೆ ಕೊಡುವ ಮೊದಲು ಸರಿಮಾಡಲೇಬೇಕಾದದ್ದು. ಊಟ ಬೇಡ ಅಂತ ಹೇಳಿದ್ದು ತಲುಪಿತೋ ಇಲ್ಲವೋ ತಿಳಿಯದಿರುವುದಕ್ಕೆ 4 ಕೊಡಬಹುದು. ಮೇಲಿನ ಶೀರ್ಷಿಕೆ ಚಿಕ್ಕದಾಗಿರುವುದಕ್ಕೆ 1.

ಇದೇ ನೀಲ್ಸನ್ ಹೆಸರಿನಲ್ಲಿ ಇನ್ನೊಂದು ಮಾತು ಕ್ಲಾಸಿನಲ್ಲಿ ಓಡಾಡುತ್ತದೆ: "ಐದು ಜನರನ್ನ ಕೇಳಿದರೆ ಸಾಕು, ಸರ್." ಅವರೂ ಥಾಮಸ್ ಲಾಂಡೌರ್ ಅವರೂ 1993ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, ಒಂದು ತೊಂದರೆ ಒಬ್ಬ ಬಳಕೆದಾರರಿಗೆ ಎದುರಾಗುವ ಸಾಧ್ಯತೆ ಸರಾಸರಿ 31 ಶೇಕಡಾ ಇದ್ದರೆ, ಐದು ಜನರಲ್ಲಿ ಸುಮಾರು 85 ಶೇಕಡಾ ತೊಂದರೆಗಳು ಹೊರಬರುತ್ತವೆ. ಅದು ತೊಂದರೆ ಹುಡುಕುವ ಲೆಕ್ಕ. ಐದು ಜನರಲ್ಲಿ ನಾಲ್ವರು ಚೆನ್ನಾಗಿದೆ ಅಂದರು, ಆದ್ದರಿಂದ 80 ಶೇಕಡಾ ಜನರಿಗೆ ಇಷ್ಟ ಅಂತ ಹೇಳಲು ಅದು ಬರುವುದಿಲ್ಲ. ಇಂಥ ಶೇಕಡಾ ಕಂಡರೆ ಮಾರ್ಕ್ಸ್ ಕಳೆಯಿರಿ, ಯಾಕೆ ಕಳೆದಿರಿ ಅಂತ ಬರೆದು ಕೊಡಿ.

ಮಾರ್ಕ್ಸ್ ಕೊಡಬಾರದ ವಿಷಯಗಳೂ ಇವೆ: ಚಿತ್ರ ಬರೆಯುವ ಕೈಚಳಕ, ಇಂಗ್ಲಿಷ್ ಉಚ್ಚಾರಣೆ, ಸ್ಕ್ರೀನುಗಳ ಸಂಖ್ಯೆ, ಕೋಟು ಟೈ.

ನಾಲ್ವರಲ್ಲಿ ಒಬ್ಬರೇ ಕೆಲಸ ಮಾಡಿದ್ದಾರಾ ಅನ್ನೋ ಅನುಮಾನ ಎಲ್ಲಾ ಮೇಷ್ಟ್ರಿಗೂ ಇರುತ್ತದೆ. ಬಿಸಾಡಿದ ಹಾಳೆಗಳನ್ನು ತರಲು ಹೇಳಿ. ಪ್ರತಿಯೊಬ್ಬರೂ ತಾವು ಬರೆದು ಕೈಬಿಟ್ಟ ಒಂದು ಹಾಳೆ ಎತ್ತಿಕೊಂಡು, ಯಾಕೆ ಕೈಬಿಟ್ಟೆವು ಅಂತ ಅರ್ಧ ನಿಮಿಷ ಹೇಳಲಿ. ಕೆಲಸ ಮಾಡಿದವರಿಗೆ ಇದು ಸುಲಭ. ಬೇರೆ ಆಪಿನ ಸ್ಕ್ರೀನ್ ನೋಡಿ ಇಳಿಸಿದವರ ಹತ್ತಿರ, ಎಐ ಟೂಲ್ ಕೊಟ್ಟದ್ದನ್ನು ಹಾಗೇ ತಂದವರ ಹತ್ತಿರ, ಕೈಬಿಟ್ಟ ಹಾಳೆ ಇರುವುದೇ ಇಲ್ಲ.

ಇಬ್ಬರು ಸೇರಿ ಮಾರ್ಕ್ಸ್ ಹಾಕುತ್ತಿದ್ದರೆ ಮೊದಲ ಎರಡು ಟೀಮುಗಳಿಗೆ ಒಬ್ಬರಿಗೊಬ್ಬರು ತೋರಿಸದೆ ಬರೆದು, ಆಮೇಲೆ ಪಕ್ಕಪಕ್ಕ ಇಟ್ಟು ನೋಡಿ. ಒಂದೇ ಸಾಲಿನಲ್ಲಿ ಎರಡಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ನಿಮ್ಮಿಬ್ಬರ ಎರಡು ಕಾಲಂ ಹಾಳೆ ತೆಗೆದು, ಯಾರು ಏನು ನೋಡಿದಿರಿ ಅಂತ ಮಾತಾಡಿಕೊಂಡು ಮುಂದೆ ಹೋಗಿ.

ಹಂತ 8: ಅವತ್ತೇ ವಾಪಸ್ ಕೊಡಿ

ಅಂಕಪಟ್ಟಿ ನಂತರ ಬರಲಿ, ಆದರೆ ನಿಮ್ಮ ಮಾತು ಅವತ್ತೇ ಸಿಗಬೇಕು. ನೋಡಿದ್ದು ಇನ್ನೂ ಹಸಿಯಾಗಿರುವಾಗ ಮೂರು ಸಾಲು ಬರೆದುಕೊಟ್ಟರೆ ಸಾಕು. ಪಿಜಿ ಟೀಮಿಗೆ ಹೀಗೆ ಬರೆಯಬಹುದು: "ಮೇಡಂ 'ಅವರಿಗೆ ತಿಳೀತಾ' ಅಂತ ಕೇಳಿದಾಗ ನೀವು ಅದನ್ನು ಅಕ್ಷರಶಃ ಬರೆದುಕೊಂಡಿರಿ, ಬಹಳ ಒಳ್ಳೆಯದು. ಐದು ಗಂಟೆಯ ಗಡುವು ಅವರಿಗೆ ಕಾಣಲಿಲ್ಲ ಅನ್ನೋದನ್ನು ಮಾತುಕತೆಯಲ್ಲಿ ಬಿಟ್ಟಿರಿ. ಅಡುಗೆ ಅಕ್ಕನ ಸ್ಕ್ರೀನನ್ನು ಇನ್ನೂ ಯಾರಿಗೂ ತೋರಿಸಿಲ್ಲ, ಅದನ್ನೇ ಮೊದಲು ಮಾಡಿ."

ಹಾಳೆಗಳನ್ನು ಮನೆಗೆ ಕೊಂಡೊಯ್ದರೆ ಕಳೆದುಹೋಗುತ್ತವೆ. ಪ್ರತಿ ಟೀಮಿನ ಹಾಳೆ, ಚೀಟಿ, ಎರಡು ಕಾಲಂ ಟಿಪ್ಪಣಿ ಎಲ್ಲವನ್ನೂ ಒಂದು ಕವರಿಗೆ ಹಾಕಿ, ಟೀಮಿನ ಸಂಖ್ಯೆ ಮತ್ತು ತಾರೀಖು ಬರೆದು ಲ್ಯಾಬಿನ ಬೀರುವಿನಲ್ಲಿ ಇಡಿ. ಫೋಟೋ ತೆಗೆದುಕೊಂಡು ಕೆಲಸ ಮುಂದುವರಿಸಲಿ. ಎರಡನೇ ರಿವ್ಯೂ ಫಿಗ್ಮಾದಲ್ಲೇ ಆಗಲಿ, ಅಡ್ಡಿಯಿಲ್ಲ. ಆದರೆ ಅದು ಶುರುವಾಗುವುದು ಮೇಜಿನ ಮೇಲೆ ಆ ಹಳೇ ಹಾಳೆ ಮತ್ತು ಅದರ ಪಕ್ಕ ಹೊಸ ಸ್ಕ್ರೀನ್ ಇಟ್ಟುಕೊಂಡು. ಯಾವ ಟಿಪ್ಪಣಿಯಿಂದ ಯಾವ ಬದಲಾವಣೆ ಬಂತು ಅಂತ ಟೀಮು ಬೆರಳಿಟ್ಟು ತೋರಿಸಬೇಕು. ತೋರಿಸಿದ ಮೇಲೆ ಅದೇ ಲೈಬ್ರರಿ ಮೇಡಂ ಬೇಡ, ಆಪನ್ನು ಇನ್ನೂ ನೋಡದ ಬೇರೆಯವರನ್ನು ಕರೆಸಿ.